ಯಮನಪ್ಪ ಕೆಡಿಸಿದ ಮಷೀನು

ನಮ್ಮ ವೈನಿಯ ಅಡುಗೆಮನೆಯಲ್ಲಿ ನಿಂತು ನಾನು ಅಷ್ಟು ಜೋರಾಗಿ ಕೂಗಬಾರದಿತ್ತು. ಕೈಯಲ್ಲಿದ್ದ ಕಡಬಿನ ತಾಟು ಬೀಳುವುದೊಂದು ಬಾಕಿ. ಆದರೆ ನೀವೇ ಹೇಳಿ, ನಲವತ್ತು ವರ್ಷ ಕಣ್ಣಿಗೆ ಬೀಳದಿದ್ದ ವಸ್ತುವೊಂದು ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ತಣ್ಣಗೆ ಕುಳಿತಿರುವುದನ್ನು ಕಂಡರೆ ಯಾರು ತಾನೇ ಸುಮ್ಮನಿರುತ್ತಾರೆ? ಗೇಣುದ್ದದ ಕಬ್ಬಿಣದ ತುಂಡು, ಮೇಲೆ ಅಡ್ಡ ಹಿಡಿಕೆ, ಕೆಳಗೆ ಚೌಕ ತುದಿ. ವೈನಿಯ ಪಾಲಿಗೆ ಅದು ಮುಚ್ಚಳ ಅಲುಗದಂತೆ ಇಟ್ಟ ಭಾರ. ನನ್ನ ಪಾಲಿಗೆ ಅದು ಅಪ್ಪನ ಲೇತಿನ ಚಾವಿ.

"ವೈನೀ, ಇದು ಎಲ್ಲೆ ಸಿಕ್ತು?"

"ಎಲ್ಲಿದೋ ಏನೋ. ನಾ ಲಗ್ನಾಗಿ ಬಂದಾಗಿಂದ ಇಲ್ಲೇ ಐತಿ. ಯಾಕ, ಬಂಗಾರದ್ದೇನು?"

ಗಣೇಶ ಚೌತಿಯ ಮರುದಿನ ಅದು. ಕುಂದಗೋಳದಿಂದ ತವರುಮನೆಗೆಂದು ತಿರ್ಲಾಪುರಕ್ಕೆ ಬಂದಿದ್ದೆ. ತವರುಮನೆ ಎಂದರೆ ಈಗ ದೊಡ್ಡಪ್ಪನ ಮಗ ಈರಪ್ಪಣ್ಣನ ಮನೆ, ವೈನಿ ಅವನ ಹೆಂಡತಿ. ಅಪ್ಪನಿಗೆ ನಾನೊಬ್ಬಳೇ ಮಗಳು. ಅಪ್ಪ ತೀರಿಕೊಂಡ ಮೇಲೆ ಹೊಲ, ಮನೆ, ರಸ್ತೆ ಬದಿಯ ತಗಡಿನ ಶೆಡ್ಡು ಎಲ್ಲವನ್ನೂ ಈರಪ್ಪಣ್ಣನೇ ನೋಡಿಕೊಳ್ಳುತ್ತಿದ್ದಾನೆ. ಆ ಶೆಡ್ಡಿನೊಳಗೆ, ಹತ್ತಿಕಟ್ಟಿಗೆಯ ಹೊರೆಗಳ ಕೆಳಗೆ, ಅಪ್ಪನ ಲೇತು ಇದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ದಿನವಾದರೂ ಹೋಗಿ ನೋಡಿರಲಿಲ್ಲ. ಭರಣಿಯ ಮೇಲಿನ ಆ ಚಾವಿ ಕೈಗೆ ಬಂದದ್ದೇ ತಡ, ಕಡಬು ಅಲ್ಲೇ ಬಿಟ್ಟು ಶೆಡ್ಡಿಗೆ ಓಡಿದೆ. ಐವತ್ತಾರು ವರ್ಷದ ಮಾಸ್ತರಿಣಿ, ಮೊಣಕಾಲು ನೋವಿನವಳು, ಓಡಿದೆ!

ಲೇತು ಎಂದರೇನು ಎಂದು ಕೇಳುವವರಿಗೆ ತರಗತಿಯಲ್ಲಿ ಹೇಳುವಂತೆಯೇ ಹೇಳಿಬಿಡುತ್ತೇನೆ. ಕುಂಬಾರನ ತಿಗರಿಯನ್ನು ಎತ್ತಿ ಅಡ್ಡ ಮಲಗಿಸಿ. ಮಣ್ಣಿನ ಜಾಗದಲ್ಲಿ ಕಬ್ಬಿಣದ ಸರಳು, ಬೆರಳಿನ ಜಾಗದಲ್ಲಿ ಉಕ್ಕಿನ ಉಳಿ. ಚಾವಿಯಿಂದ ಬಿಗಿದ ಮೂರು ಹಲ್ಲಿನ ಚಕ್ಕು ಸರಳನ್ನು ಕಚ್ಚಿ ಹಿಡಿದು ಗರಗರ ತಿರುಗಿಸುತ್ತದೆ. ಉಳಿಯನ್ನು ಹೊತ್ತ ಸಣ್ಣ ಗಾಡಿಯೊಂದು ಎರಡು ಹಳಿಗಳ ಮೇಲೆ ಸರಿಯುತ್ತಾ ಸರಳಿನ ಮೈಯನ್ನು ಸವತಿಕಾಯಿ ಸಿಪ್ಪೆಯಂತೆ ಸುಲಿಯುತ್ತಾ ಹೋಗುತ್ತದೆ. ಪಂಪಿನ ದಂಡ, ಟ್ರ್ಯಾಕ್ಟರಿನ ಪಿನ್ನು, ಗಿರಣಿಯ ಬುಶ್ಶು ಎಲ್ಲ ಹುಟ್ಟುವುದು ಹೀಗೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ಸಿಲಿಂಡರಿನ ಪಾಠ ಬಂದಾಗಲೆಲ್ಲ ಲೇತಿನ ಪುರಾಣ ಶುರುವಾಗುತ್ತದೆ. ಒಮ್ಮೆ ಪರೀಕ್ಷೆಯಲ್ಲಿ "ಸಿಲಿಂಡರಿಗೆ ಎರಡು ಉದಾಹರಣೆ ಕೊಡಿ" ಎಂಬ ಪ್ರಶ್ನೆಗೆ ಒಬ್ಬಳು "ಅಕ್ಕಾರ ಅಪ್ಪನ ಲೇತು" ಎಂದು ಬರೆದಿದ್ದಳು. ಅರ್ಧ ಅಂಕ ಕೊಟ್ಟೆ.

ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಕೂಡಲೇ ನಾನು ಆ ಶೆಡ್ಡಿನಲ್ಲೇ. ಜಡೆ ಸಿಕ್ಕಿಕೊಂಡೀತೆಂದು ಅಪ್ಪ ತನ್ನ ಬಿಳಿ ಟೊಪ್ಪಿಗೆಯೊಳಗೆ ನನ್ನ ಎರಡೂ ಜಡೆ ತುರುಕಿ ಕೂರಿಸುತ್ತಿದ್ದರು. ಉಳಿಯ ಬಾಯಿಂದ ಬರುವ ಉಕ್ಕಿನ ಸುರುಳಿ ಬಿಸಿಗೆ ನೀಲಿಯಾಗಿರುತ್ತಿತ್ತು. ಅದನ್ನು ಬಳೆ ಮಾಡಿಕೊಂಡು ಶಾಲೆಗೆ ಹೋದ ದಿನ ಮಣಿಕಟ್ಟು ಕೊಯ್ದುಕೊಂಡು ಮೂರು ಹೊಲಿಗೆ ಬಿದ್ದವು. ಗೆಳತಿಯರೆಲ್ಲ ಆ ಬಳೆ ತಮಗೂ ಬೇಕೆಂದು ಅತ್ತರು, ಹೊಲಿಗೆ ಮಾತ್ರ ಯಾರಿಗೂ ಬೇಡವಾಗಿತ್ತು.

ಅಪ್ಪನಿಗೆ ಗಿರಾಕಿಗಳನ್ನು ಮಾತಾಡಿಸುವುದು ಚೆನ್ನಾಗಿ ಗೊತ್ತಿತ್ತು. ಲೇತು ಅಷ್ಟಾಗಿ ಗೊತ್ತಿರಲಿಲ್ಲ. ಅದು ಗೊತ್ತಿದ್ದದ್ದು ಶೆಡ್ಡಿನಲ್ಲಿ ಪಗಾರಕ್ಕಿದ್ದ ಯಮನಪ್ಪ ಕಾಕಾನಿಗೆ. ಆಗ ಅವರಿಗೆ ಮೂವತ್ತರೊಳಗಿನ ವಯಸ್ಸು. ಮಾತು ಕಡಿಮೆ, ಕೈ ಚುರುಕು. ಅಳತೆಪಟ್ಟಿ ಹಿಡಿಯುವ ಮೊದಲೇ ಹೆಬ್ಬೆರಳು ಸವರಿ "ಇನ್ನೊಂದು ಕೂದಲೆಳಿ ಹೋಗಬೇಕು" ಎನ್ನುತ್ತಿದ್ದರು, ಅಳೆದರೆ ಅಷ್ಟೇ ಇರುತ್ತಿತ್ತು. ನವಲಗುಂದದಿಂದ, ಅಣ್ಣಿಗೇರಿಯಿಂದ ಜನ ಬಂದು ಅವರ ಕೈಯಿಂದಲೇ ಕೆಲಸ ಆಗಬೇಕೆಂದು ಸರದಿ ಕಾಯುತ್ತಿದ್ದರು.

ಆ ಕೈಗೆ ಏನೋ ಆಯಿತು. ಅಥವಾ ಹಾಗೆಂದು ಎಲ್ಲರೂ ಅಂದುಕೊಂಡೆವು. ನಾನು ಹತ್ತನೆಯ ಇಯತ್ತೆಯಲ್ಲಿದ್ದ ವರ್ಷ ಯಮನಪ್ಪ ಕಾಕಾ ಕಡೆದ ದಂಡಗಳು ಹಿಂದಕ್ಕೆ ಬರತೊಡಗಿದವು. ಸರಳು ಈ ತುದಿಯಿಂದ ಆ ತುದಿಯವರೆಗೆ ಒಂದೇ ದಪ್ಪ ಇರಬೇಕಲ್ಲ, ಇವು ಚಕ್ಕಿನ ಕಡೆ ದಪ್ಪ, ಈಚೆ ಸಣ್ಣ. ಬೇರಿಂಗಿನಲ್ಲಿ ಕೂರುತ್ತಿರಲಿಲ್ಲ. ಒಂದು ದಿನ ಬಿತ್ತುವ ಹೊತ್ತಿನಲ್ಲಿ ಪಂಪು ಕೆಟ್ಟು ಕಂಗಾಲಾಗಿದ್ದ ರೈತರೊಬ್ಬರು ಮೂರನೆಯ ಸಲ ಅದೇ ದಂಡ ಹೊತ್ತು ತಂದು ಬಾಯಿಗೆ ಬಂದಂತೆ ಬೈದರು. ಅಪ್ಪ ಅಷ್ಟು ಜನರೆದುರು ಯಮನಪ್ಪ ಕಾಕಾನ ಕಡೆ ತಿರುಗಿ, "ನಿನ್ನ ಕೈ ಕೆಟ್ಟೈತಿ ಯಮನಪ್ಪ. ಕೆಟ್ಟ ಕೈಲೆ ಮಷೀನೂ ಕೆಡಿಸಿಟ್ಟಿ" ಎಂದುಬಿಟ್ಟರು. ಯಮನಪ್ಪ ಕಾಕಾ ಕೈ ಒರೆಸಿದ ಅರಿವೆಯನ್ನು ಮಡಚಿ ಲೇತಿನ ಮೇಲಿಟ್ಟು ಹೊರಟುಹೋದರು. ಆಮೇಲೆ ಅಪ್ಪ ತಾವೇ ಕಡೆಯಲು ನಿಂತು, ಇನ್ನಷ್ಟು ಸೊಟ್ಟ ಕಡೆದು, ಶೆಡ್ಡಿನ ಬಾಗಿಲು ಮುಚ್ಚಿದರು. ಅಂದಿನಿಂದ ಊರಿನಲ್ಲಿ ಅದಕ್ಕೆ ಒಂದೇ ಹೆಸರು, ಯಮನಪ್ಪ ಕೆಡಿಸಿದ ಮಷೀನು.

ಈಗ ಅದೇ ಶೆಡ್ಡಿನಲ್ಲಿ ಹತ್ತಿಕಟ್ಟಿಗೆ ಸರಿಸಿ, ಜೇಡರ ಬಲೆ ಬಿಡಿಸಿ, ಚಾವಿಯನ್ನು ಚಕ್ಕಿನ ತೂತಿಗೆ ಹಾಕಿದೆ. ತಪ್ಪದೆ ಕೂತಿತು! ತಿರುಗಲಿಲ್ಲ, ಆದರೆ ಕೂತಿತು. ನನ್ನ ಖುಷಿ ನೋಡಿ ಈರಪ್ಪಣ್ಣ ಬಾಗಿಲಲ್ಲಿ ನಿಂತು ನಗುತ್ತಿದ್ದ.

"ಶಾಂತವ್ವಾ, ಬರೋಬ್ಬರಿ ಬಂದಿ ನೋಡು. ದಸರಾ ಖಂಡೆ ಪೂಜಿಗೆ ಹೊಸಾ ರಾಶಿ ಮಾಡೋ ಮಷೀನ್ ಬರಾಕತ್ತೈತಿ. ಇಡಾಕ ಜಾಗಾ ಬೇಕು. ಇದನ್ನ ಹಳೇ ಕಬ್ಬಿಣ ಕೊಳ್ಳೋ ಮೋಡಕಾದವ್ಗ ಹೇಳೀನಿ, ಅವತ್ತ ಟಂಟಂ ಗಾಡಿ ತರ್ತಾನ."

"ಅಪ್ಪನ ಲೇತ್ ಮೋಡಕಾಕ್ಕ ಹಾಕ್ತೀಯೇನು?"

"ಮತ್ತೇನ ಮಾಡಲಿ? ಯಮನಪ್ಪ ಕೆಡಿಸಿದ ಮಷೀನ್, ತಿರಗತೈತೇನು ಅದು?"

"ತಿರಗಿಸ್ತೀನಿ. ಖಂಡೆ ಪೂಜಿ ಒಳಗ ತಿರಗಿಸಿ, ನೆಟ್ಟಗ ಒಂದು ದಂಡ ಕಡದು ತೋರಿಸ್ತೀನಿ. ಆಗೇನ್ ಮಾಡ್ತಿ?"

"ಹಂಗ ಮಾಡಿದ್ರ ಅದು ಅಲ್ಲೇ ಇರಲಿ. ಹೊಸಾದಕ್ಕ ಬ್ಯಾರೆ ತಗಡ ಹಾಕ್ತೀನಿ," ಎಂದ ಈರಪ್ಪಣ್ಣ. ಮಾತಿಗೆ ತಪ್ಪುವವನಲ್ಲ.

ನನಗೆ ಹೀಗೆ ಮಾತು ಕೊಟ್ಟುಬಿಡುವ ಚಟವಿದೆ. ಹಿಂದೊಮ್ಮೆ ಶಾಲೆಯ ಗ್ಯಾದರಿಂಗಿನಲ್ಲಿ ನಾಟಕ ಆಡಿಸುತ್ತೇನೆಂದು ಹೇಳಿ, ರಾಜನ ಪಾತ್ರದವನಿಗೆ ಮಂಗನಬಾವು ಬಂದು ನಾನೇ ಮೀಸೆ ಹಚ್ಚಿಕೊಂಡು ನಿಂತದ್ದಿದೆ. ಅದಿರಲಿ. ಮರುದಿನದಿಂದಲೇ ರಿಪೇರಿಯವರನ್ನು ಹುಡುಕಲು ಶುರು ಮಾಡಿದೆ. ಒಬ್ಬ ಬಂದು ನೋಡಿ, ಲೇತಿಗೆ ಕೈ ಮುಗಿದು ಹೋದ. ಇನ್ನೊಬ್ಬ ಫೋನಿನಲ್ಲಿ ಫೋಟೋ ನೋಡಿಯೇ "ಅಕ್ಕಾರ, ಇದನ್ನ ಬಿಚ್ಚಾಕ ಮುಂದ ಬರಾಂವ ಇನ್ನಾ ಹುಟ್ಟಿಲ್ರಿ" ಎಂದ. ಹುಟ್ಟಿದವನೊಬ್ಬನು ಇದ್ದಾನೆಂದು ನನಗೆ ಗೊತ್ತಿತ್ತು. ಅವನ ಮನೆ ಬಾಗಿಲಿಗೆ ಹೋಗಲು ಮುಖ ಇರಲಿಲ್ಲ ಅಷ್ಟೇ.

ಕೊನೆಗೆ ಒಂದು ರವಿವಾರ ಅಣ್ಣಿಗೇರಿ ಬಸ್ಸು ಹತ್ತಿದೆ. ಯಮನಪ್ಪ ಕಾಕಾ ಮಗಳ ಮನೆಯಲ್ಲಿದ್ದರು. ಎಪ್ಪತ್ತರ ಹತ್ತಿರ, ತಲೆ ಪೂರ್ತಿ ಬೆಳ್ಳಗೆ, ಬೆನ್ನು ಮಾತ್ರ ಬಾಗಿಲ್ಲ. ಕಟ್ಟೆಯ ಮೇಲೆ ಕೂತು ಮೊಮ್ಮಗಳ ಸೈಕಲ್ಲಿಗೆ ಎಣ್ಣೆ ಬಿಡುತ್ತಿದ್ದರು.

"ಯಾರು ಬೇಕ್ರಿ?"

"ನಾನು ಕಾಕಾ, ತಿರ್ಲಾಪುರದ ಶಾಂತಾ. ಲೇತಿನ ಗುರಪ್ಪನವರ ಮಗಳು."

ಎಣ್ಣೆಯ ಡಬ್ಬಿ ಕೆಳಗಿಟ್ಟು ಧೋತರಕ್ಕೆ ಕೈ ಒರೆಸಿಕೊಂಡರು. "ಬರ್ರಿ ಅಕ್ಕಾರ. ಕೂಡ್ರಿ," ಎಂದರು. ನೀರು ಬಂತು, ಚಹಾ ಬಂತು. ನಾನು ಖಂಡೆ ಪೂಜೆ, ಟಂಟಂ, ನನ್ನ ಪಂಥ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಅವರು ಕೇಳಿಸಿಕೊಂಡು ತಮ್ಮ ಎರಡೂ ಅಂಗೈ ನೋಡಿಕೊಂಡರು.

"ನಿಮ್ಮಲ್ಲಿಂದ ಬಿಟ್ಟು ಹುಬ್ಬಳ್ಳಿಗೆ ಹೋದೆ. ಅಲ್ಲಿ ಸಾಹುಕಾರ ಲೇತ್ ಮ್ಯಾಲ ನಿಲ್ಲಂದ. ನಂಗ ಲೇತ್ ಬರಂಗಿಲ್ರಿ ಅಂತ ಹೇಳಿದೆ. ಡ್ರಿಲ್ ಮಷೀನ್ ಕೊಟ್ಟ. ಮೂವತ್ತು ವರ್ಷ ತೂತು ಹೊಡದೆ ನೋಡ್ರಿ. ಕೆಟ್ಟ ಕೈಲೆ ಇನ್ನೊಬ್ಬರ ಮಷೀನ್ ಯಾಕ ಕೆಡಸೂದು."

ನಾನು ಚಹಾದ ಕಪ್ಪು ಕೆಳಗಿಟ್ಟೆ. ಅಪ್ಪನ ಒಂದು ಮಾತನ್ನು ಈ ಮನುಷ್ಯ ಅಕ್ಷರಶಃ ನಂಬಿಕೊಂಡಿದ್ದರು.

"ನಾ ಬರ್ತೀನ್ರಿ," ಎಂದರು ಯಮನಪ್ಪ ಕಾಕಾ. "ಪಗಾರ ಗಿಗಾರ ಬ್ಯಾಡ. ಅದರ ಹೊಟ್ಟಿ ಬಿಚ್ಚಿ ನೋಡಬೇಕು ನಾ. ನನ್ನ ಕೈ ಕೆಟ್ಟಿತ್ತೋ, ಮಷೀನ್ ಕೆಟ್ಟಿತ್ತೋ, ಒಮ್ಮೆ ತಿಳೀಲಿ. ಆದ್ರ ಒಂದು ಮಾತು. ನಾ ಹೇಳೂತನಕಾ ಯಾರೂ ಒಂದ ನಟ್ಟಿಗೂ ಕೈ ಹಚ್ಚಬಾರದು."

ದಸರಾ ರಜೆ ಶುರುವಾಗುವವರೆಗೆ ಶನಿವಾರ, ರವಿವಾರ. ರಜೆ ಬಂದ ಮೇಲೆ ದಿನಾಲೂ. ಮುಂಜಾನೆಯ ಬಸ್ಸಿಗೆ ಅವರು ಅಣ್ಣಿಗೇರಿಯಿಂದ ಬರುತ್ತಿದ್ದರು, ಬಗಲಲ್ಲಿ ಹಳೆಯ ಧೋತರದಲ್ಲಿ ಸುತ್ತಿದ ಒಂದು ಉದ್ದನೆಯ ಗಂಟು. ಬಿಚ್ಚುವುದೆಂದರೆ ಏನು ಸಂಭ್ರಮ ಅಂತೀರಿ! ಮದುವೆ ಮನೆಯಲ್ಲೂ ನನಗೆ ಅಷ್ಟು ಖುಷಿಯಾದದ್ದಿಲ್ಲ, ನನ್ನ ಮದುವೆಯೂ ಸೇರಿ. ಬಿಚ್ಚಿದ ಒಂದೊಂದು ಭಾಗಕ್ಕೂ ನಾನು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ನಂಬರು ಹಾಕುತ್ತಿದ್ದೆ. ಸಾಲಾಗಿ ಹಾಸಲು ಕೈಗೆ ಸಿಕ್ಕಿದ ಜಮಖಾನೆ ಎಳೆದು ತಂದಿದ್ದೆ.

ವೈನಿ ಬಂದು ನೋಡಿ ಎದೆ ಬಡಿದುಕೊಂಡಳು. "ಅಯ್ಯಯ್ಯ ಶಾಂತಾ! ಬೀಗರು ಬಂದ್ರ ಹಾಸೂ ಜಮಖಾನಿ ಅದು! ಅದರ ಮ್ಯಾಲ ಗ್ರೀಸ್ ಸುರದಿಯಲ್ಲ ಬೇ!"

"ಇವರೂ ಬೀಗರ ನೋಡು ವೈನಿ," ಎಂದು ಹಲ್ಲುಚಕ್ರಗಳನ್ನು ತೋರಿಸಿದೆ. ಎರಡು ದಿನ ನನಗೆ ಚಹಾ ಸಿಗಲಿಲ್ಲ. ಯಮನಪ್ಪ ಕಾಕಾನಿಗೆ ಮಾತ್ರ ಎರಡೆರಡು ಸಲ ಬರುತ್ತಿತ್ತು.

ಎಲ್ಲಕ್ಕಿಂತ ಹಟಮಾರಿ ಎಂದರೆ ಚಕ್ಕು. ತುಕ್ಕು ಹಿಡಿದು ಕೂತುಬಿಟ್ಟಿತ್ತು. ಮೂರು ದಿನ ಡೀಸೆಲ್ ಕುಡಿಸಿದೆವು. ಕಟ್ಟಿಗೆಯ ಸುತ್ತಿಗೆಯಿಂದ ಬಡಿದೆವು. ಕೊನೆಗೆ ಬೆಂಕಿ ತೋರಿಸಿ, ಉದ್ದನೆಯ ಪೈಪು ಸಿಕ್ಕಿಸಿ ನಾವಿಬ್ಬರೂ ಜೋತುಬಿದ್ದೆವು. ಕಟ್ ಎಂದು ಶಬ್ದ ಬಂತು. ಮುರಿಯಿತೆಂದು ನಾನು ಕಣ್ಣು ಮುಚ್ಚಿಕೊಂಡೆ. ಮುರಿದಿರಲಿಲ್ಲ, ಸಡಿಲಾಗಿತ್ತು! ನಾನು ಹಾಕಿದ ಕೇಕೆಗೆ ರಸ್ತೆಯಲ್ಲಿ ಹೋಗುತ್ತಿದ್ದ ಎತ್ತುಗಳು ಬೆದರಿದವು ಎಂದು ಈರಪ್ಪಣ್ಣ ಊರೆಲ್ಲ ಹೇಳಿಕೊಂಡು ಬಂದ.

ಇನ್ನು ನನ್ನ ನೋಟ್‌ಬುಕ್ಕಿನ ಮಾತು. ಎಂಬತ್ತೇಳು ಭಾಗಗಳಿಗೆ ನಂಬರು ಹಾಕಿ ಬೀಗಿದ್ದೆ. ಒಂದು ದಿನ ಎಣಿಸಿದರೆ ಎಂಬತ್ತೆಂಟು. ಗಣಿತದ ಶಿಕ್ಷಕಿಗೆ ಇದಕ್ಕಿಂತ ಅವಮಾನ ಬೇಕೇ? ಎರಡು ದಿನ ಚಿತ್ರಗಳನ್ನು ತಿರುವಿ ಹಾಕಿ, ಅನ್ನ ಸೇರದೆ ಒದ್ದಾಡಿದೆ. ಆಮೇಲೆ ಈರಪ್ಪಣ್ಣ ಬಂದು, ಕಳೆದ ವರ್ಷ ಅಲ್ಲಿ ಬಿದ್ದಿದ್ದ ತನ್ನ ಕೂರಿಗೆಯ ವಾಶರನ್ನು ಜಮಖಾನೆಯ ಮೇಲಿಂದ ಎತ್ತಿ ಕಿಸೆಗೆ ಹಾಕಿಕೊಂಡು ಹೋದ.

ಉಳಿ ಹೊರುವ ಗಾಡಿಯನ್ನು ಹಳಿಯ ಮೇಲಿಂದ ಎತ್ತಿದ ದಿನ ಮಾತ್ರ ನಗು ನಿಂತಿತು. ಗಾಡಿಯ ಹೊಟ್ಟೆಯ ಕೆಳಗೆ ಕೆಂಪು ಮುದ್ದೆಯೊಂದು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಯಮನಪ್ಪ ಕಾಕಾ ಒಂದು ಚೂರು ಕೆರೆದು ಮೂಸಿದರು. ಬೆರಳ ನಡುವೆ ಹೊಸಕಿದರು.

"ಇಬತ್ತಿ. ಕುಂಕುಮ. ಎಣ್ಣಿ," ಎಂದರು. ಇನ್ನೊಮ್ಮೆ ಹೊಸಕಿದರು. "ಮತ್ತ ಉಸುಕು. ಭಾಳ ಸಣ್ಣ ಉಸುಕು."

ಧೋತರದ ಗಂಟು ಬಿಚ್ಚಿದರು. ಅದರೊಳಗೆ ಸಪಾಟಾದ ಕಬ್ಬಿಣದ ಪಟ್ಟಿ, ಕನ್ನಡಿಯಂತೆ ಹೊಳೆಯುವಂಥದ್ದು. ಅದನ್ನು ಹಳಿಯ ಮೇಲೆ ನಿಲ್ಲಿಸಿ, ಹಿಂದಿನಿಂದ ಬ್ಯಾಟರಿ ಬಿಡಲು ನನಗೆ ಹೇಳಿದರು. ಇಡೀ ಹಳಿಯುದ್ದಕ್ಕೂ ಪಟ್ಟಿ ಅಂಟಿಕೊಂಡಿತ್ತು. ಚಕ್ಕಿನ ಹತ್ತಿರ ಮಾತ್ರ, ಒಂದು ಗೇಣಿನಷ್ಟು ಜಾಗದಲ್ಲಿ, ಪಟ್ಟಿಯ ಕೆಳಗಿನಿಂದ ಬೆಳಕು ಹೊರಗೆ ಬಂತು. ಯಮನಪ್ಪ ಕಾಕಾ ಕ್ಯಾಲೆಂಡರಿನ ಹಾಳೆ ಹರಿದು ಆ ಸಂದಿನಲ್ಲಿ ತೂರಿಸಿದರು. ಹೋಯಿತು. ಎರಡು ಮಡಿಕೆ ಮಾಡಿ ತೂರಿಸಿದರು. ಅದೂ ಹೋಯಿತು.

"ಹಳಿ ಕುಣಿ ಬಿದ್ದೈತ್ರಿ!" ಅವರು ಹಳಿಯನ್ನು ಅಂಗೈಯಿಂದ ಬಡಿದರು. "ಗಾಡಿ ಇಲ್ಲಿ ಬಂದಾಗ ಕೆಳಗ ಇಳಿತೈತಿ, ಉಳಿ ಹಿಂದ ಸರಿತೈತಿ, ಸರಳು ದಪ್ಪ ಉಳಿತೈತಿ! ಯಾರ ನಿಂತ್ರೂ ಹಿಂಗ ಆಗೂದು! ಬ್ರಹ್ಮ ಬಂದು ಕಡದ್ರೂ ಹಿಂಗ!" ಎಂದು ಶೆಡ್ಡಿನ ತುಂಬ ಓಡಾಡಿದರು. ಮತ್ತೆ ಬಂದು ಹಳಿ ಸವರಿದರು. "ಆದ್ರ ಇಲ್ಲೊಂದ ಕಡೆ ಯಾಕ ಸವದೈತಿ? ಇದು ಪಾಲಿಶ್ ಪೇಪರಿನ ಉಸುಕು ಅಕ್ಕಾರ. ಹಳಿಗೆ ಪಾಲಿಶ್ ಪೇಪರ್ ಹಚ್ಚಬಾರದಂತ ಸಣ್ಣ ಹುಡುಗ್ರಿಗೂ ಗೊತ್ತಿರತೈತಿ. ಯಾರು ತಿಕ್ಕತಿದ್ರು?"

ನನ್ನ ಕೈಯಲ್ಲಿದ್ದ ಬ್ಯಾಟರಿ ಬಿಸಿಯಾದಂತೆನಿಸಿತು.

ಹೇಳುತ್ತೇನೆ ಕೇಳಿ. ಅಪ್ಪನ ಶೆಡ್ಡಿನಲ್ಲಿ ಅಮಾವಾಸ್ಯೆಯ ದಿನ ಲೇತಿಗೆ ರಜೆ. ಅಂದು ಅದಕ್ಕೆ ಸ್ನಾನ, ಮೈಮೇಲೆ ಮೂರು ಬೆರಳಿನ ವಿಭೂತಿ, ಕುಂಕುಮ, ಹೂವು. ಕೊನೆಗೆ ಚಕ್ಕಿನ ಪಕ್ಕದ ಹಳಿಯ ಮೇಲೆ ತೆಂಗಿನಕಾಯಿ ಒಡೆಯಬೇಕು. ಕಾಯಿ ಒಡೆಯುವವಳು ನಾನು! "ಹೆಣ್ಣಹುಡುಗಿ ಕಡೆ ಕಾಯಿ ಒಡಸ್ತಾನಲ್ಲ" ಎಂದು ಅತ್ತೆಯರು ಮೂಗು ಮುರಿದರೆ, ಅಪ್ಪ "ನನ್ನ ಗಂಡಮಗಾನೂ ಅಕೀನ, ಹೆಣ್ಣಮಗಳೂ ಅಕೀನ" ಎಂದು ಬಾಯಿ ಮುಚ್ಚಿಸುತ್ತಿದ್ದರು. ನನಗೋ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ಪೂಜೆ ಮಾಡಿದ್ದನ್ನು ಮರುದಿನದವರೆಗೆ ಒರೆಸಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಕಾಯಿಯ ನೀರು ರಾತ್ರಿಯಿಡೀ ಹಳಿಯ ಮೇಲೆ ನಿಂತು ಬೆಳಗಾಗುವಷ್ಟರಲ್ಲಿ ಕೆಂಪಗೆ ತುಕ್ಕು. ತುಕ್ಕು ಕಂಡರೆ ಅಪ್ಪನಿಗೆ ಆಗದು. ಆದ್ದರಿಂದ ಎಲ್ಲರಿಗಿಂತ ಮೊದಲೇ ಶೆಡ್ಡಿಗೆ ಬಂದು, ಕಪಾಟಿನಿಂದ ಪಾಲಿಶ್ ಪೇಪರು ಕದ್ದು, ಆ ಜಾಗವನ್ನು ಬೆಳ್ಳಿಯಂತೆ ಹೊಳೆಯುವವರೆಗೆ ತಿಕ್ಕುತ್ತಿದ್ದೆ. ಅಪ್ಪ ಬಂದು ನೋಡಿ "ಭೇಷ್!" ಎನ್ನುತ್ತಿದ್ದರು. ಆ ಒಂದು ಭೇಷಿಗಾಗಿ ವರ್ಷಕ್ಕೆ ಹನ್ನೆರಡು ಅಮಾವಾಸ್ಯೆಯಂತೆ ಎಂಟು ವರ್ಷ ತಿಕ್ಕಿದ್ದೇನೆ. ಲೆಕ್ಕ ನನ್ನ ವಿಷಯ. ತೊಂಬತ್ತಾರು ಸಲ.

"ಯಾರು ತಿಕ್ಕತಿದ್ರು ಅಕ್ಕಾರ?" ಯಮನಪ್ಪ ಕಾಕಾ ಮತ್ತೆ ಕೇಳಿದರು.

"ನಂಗ ನೆನಪಿಲ್ಲ ಕಾಕಾ," ಎಂದೆ.

ನೋಡಿದಿರಾ? ಕಿಟಕಿಯ ಗಾಜು ಒಡೆದವರು ಎದ್ದು ನಿಂತು ಒಪ್ಪಿಕೊಳ್ಳುವ ತನಕ ಇಡೀ ತರಗತಿಯನ್ನು ಬಿಸಿಲಿನಲ್ಲಿ ನಿಲ್ಲಿಸುವವಳು ನಾನು. ಒಪ್ಪಿಕೊಂಡವರಿಗೆ ಧೈರ್ಯದ ಮೇಲೆ ಭಾಷಣ ಬೇರೆ. ಆ ಬಾಯಿಂದ ಬಂದ ಮಾತು ಇದು. ಯಮನಪ್ಪ ಕಾಕಾ ನನ್ನನ್ನು ಒಂದು ಗಳಿಗೆ ನೋಡಿದರು. ಮತ್ತೆ ಎಂದೂ ಕೇಳಲಿಲ್ಲ. ಅಂದು ನನಗೆ ನಿಜಕ್ಕೂ ನಾಚಿಕೆಯಾಯಿತು. ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎಂದುಕೊಂಡು ದಿನ ದೂಡಿದೆ.

ದೂಡಲು ಕೆಲಸವೂ ಬೇಕಷ್ಟಿತ್ತು ಅನ್ನಿ. ಕುಣಿ ಬಿದ್ದ ಜಾಗಕ್ಕೆ ಸರಿಯಾಗಿ ಉಳಿದ ಹಳಿಯನ್ನೆಲ್ಲ ಕೈಯಿಂದ ಹೆರೆದು ತಗ್ಗಿಸಬೇಕು. ಎತ್ತರ ಎಲ್ಲಿದೆ ಎಂದು ತಿಳಿಯುವುದು ಹೇಗೆ? ಪಟ್ಟಿಗೆ ಕಪ್ಪು ಬಳಿದು ಹಳಿಯ ಮೇಲೆ ಉಜ್ಜಿದರೆ ಎತ್ತರದ ಕಡೆ ಕಪ್ಪು ಹತ್ತುತ್ತದೆ. ಹತ್ತಿದ ಕಡೆ ಹೆರೆಯುವುದು, ಮತ್ತೆ ಬಳಿಯುವುದು, ಮತ್ತೆ ಹೆರೆಯುವುದು. ಅದಕ್ಕೆ ಬೇಕಾದ ಕಪ್ಪನ್ನು ನಾನೇ ಮಾಡಿದೆ, ದೀಪದ ಮೇಲೆ ತಾಟು ಬೋರಲು ಹಾಕಿ, ಮಸಿ ಹಿಡಿದು, ಔಡಲೆಣ್ಣೆಯಲ್ಲಿ ಕಲಸಿ. ಅಮ್ಮ ನನಗೆ ಕಾಡಿಗೆ ಮಾಡುತ್ತಿದ್ದದ್ದು ಹಾಗೆಯೇ. ವೈನಿಗೂ ಈಗ ಹುರುಪು ಬಂದಿತ್ತು. "ಲೇತಿಗೆ ಕಾಡಗಿ ಹಚ್ಚೂದು ಆತಿಲ್ಲೋ?" ಎಂದು ದಿನಾ ಬಂದು ಕೇಳುತ್ತಿದ್ದಳು. ಮೊದಲ ದಿನ ಕಪ್ಪು ಅಲ್ಲೊಂದು ಇಲ್ಲೊಂದು ಚುಕ್ಕೆ. ನಾಲ್ಕನೆಯ ದಿನ ರಂಗೋಲಿಯ ಚುಕ್ಕೆಗಳಷ್ಟು. ಎಂಟನೆಯ ದಿನ ಇಡೀ ಹಳಿಯ ಮೇಲೆ ಒಂದೇ ಸಮನೆ ಸಾಸಿವೆ ಎರಚಿದಂತೆ! ನನ್ನ ಅಂಗೈಯಲ್ಲಿ ಬೊಬ್ಬೆ, ಬೆನ್ನಿನಲ್ಲಿ ಹಿಡಿತ, ಮೂಗಿನ ತುದಿಯಲ್ಲಿ ಮಸಿ. ಎಷ್ಟೋ ವರ್ಷಗಳ ಮೇಲೆ ಬೆಳಗ್ಗೆ ಏಳುವುದೇ ಒಂದು ಸುಖವಾಗಿತ್ತು. ಅದರೊಳಗೆ ಹೇಳದೆ ಉಳಿದ ಮಾತು ಚಪ್ಪಲಿಯೊಳಗಿನ ಹರಳಿನಂತೆ ಒತ್ತುತ್ತಲೇ ಇತ್ತು.

ಖಂಡೆ ಪೂಜೆಯ ದಿನ ಬಂದೇಬಿಟ್ಟಿತು. ಮೂರು ಫೇಸಿನ ಕರೆಂಟು ಬರುವುದು ಹನ್ನೊಂದಕ್ಕೆ. ಹತ್ತೂವರೆಗೇ ಶೆಡ್ಡಿನ ಮುಂದೆ ಜನ. ಒಂದು ಕಡೆ ಹೊಸ ಮಷೀನು ಹೊತ್ತ ಟ್ರ್ಯಾಕ್ಟರು, ಇನ್ನೊಂದು ಕಡೆ ಮೋಡಕಾದವನ ಟಂಟಂ. ಅವನು ಲೇತಿನ ತೂಕವನ್ನು ಕಣ್ಣಲ್ಲೇ ಅಳೆಯುತ್ತಾ ಚುರುಮುರಿ ತಿನ್ನುತ್ತಿದ್ದ. ಯಮನಪ್ಪ ಕಾಕಾ ಹೊಸ ಧೋತರ ಉಟ್ಟು ಬಂದಿದ್ದರು. ವೈನಿ ಲೇತಿಗೆ ಕುಂಕುಮ ಇಟ್ಟು, ಚೆಂಡುಹೂವಿನ ಮಾಲೆ ಹಾಕಿದಳು. ಯಮನಪ್ಪ ಕಾಕಾ ತೆಂಗಿನಕಾಯಿ ತೆಗೆದು ನೇರವಾಗಿ ನನ್ನ ಕೈಗೇ ಕೊಟ್ಟರು.

"ಒಡೀರಿ ಅಕ್ಕಾರ."

ನಾನು ಕಾಯಿಯನ್ನು ಬಾಗಿಲಾಚೆ ಒಯ್ದು ಕಲ್ಲಿನ ಮೇಲೆ ಒಡೆದು ತಂದೆ. "ಯಾಕ ಬೇ, ಮಷೀನ್ ಮ್ಯಾಲ ಒಡಿಯೂದಿಲ್ಲೇನು?" ಎಂದಳು ವೈನಿ. ನಾನು ಕೇಳಿಸದವಳಂತೆ ಊದಿನಕಡ್ಡಿ ಹಚ್ಚಿದೆ. ಯಮನಪ್ಪ ಕಾಕಾ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

ಹನ್ನೊಂದಾಯಿತು. ಕರೆಂಟು ಬಂತು. ಯಮನಪ್ಪ ಕಾಕಾ ಸ್ವಿಚ್ಚು ಒತ್ತಿದರು. ಮೋಟರು ಒಮ್ಮೆ ಹೂಂಕರಿಸಿ ಪಟ್ಟಾ ಎಳೆಯಿತು, ಚಕ್ಕು ತಿರುಗಿತು. ತಿರುಗಿತು! ಚೆಂಡುಹೂವೊಂದು ಹಾರಿ ಈರಪ್ಪಣ್ಣನ ಹಣೆಗೆ ಬಡಿಯಿತು. ಜನ ಹೋ ಎಂದರು. ಯಮನಪ್ಪ ಕಾಕಾ ಯಾರ ಕಡೆಯೂ ನೋಡಲಿಲ್ಲ. ಸರಳು ಕಟ್ಟಿ ಉಳಿ ಹಚ್ಚಿದರು. ಮೊದಲ ಸುರುಳಿ ನೀಲಿಯಾಗಿ ಎದ್ದು ಬಂದಾಗ ನನ್ನ ಬೆರಳು ಮಣಿಕಟ್ಟಿನ ಹಳೆಯ ಹೊಲಿಗೆಯ ಗುರುತು ಮುಟ್ಟಿತು. ಗಾಡಿ ಈ ತುದಿಯಿಂದ ಹೊರಟು, ಆ ಕುಣಿಯಿದ್ದ ಜಾಗ ದಾಟಿ, ಚಕ್ಕಿನವರೆಗೆ ಹೋಯಿತು. ಮಷೀನು ನಿಲ್ಲಿಸಿ ಅಳತೆಯ ಸಾಧನವನ್ನು ನನ್ನ ಕೈಗಿತ್ತರು.

"ನಂಗ ಕಣ್ಣು ಕಾಣವಲ್ತು. ನೀವ ನೋಡ್ರಿ."

ಕಣ್ಣು ಕಾಣುತ್ತಿತ್ತು ಅವರಿಗೆ. ಆ ಅಂಕಿ ಓದುವ ಧೈರ್ಯ ಇರಲಿಲ್ಲ. ನಾನು ಈಚೆ ತುದಿ ಅಳೆದೆ. ಚಕ್ಕಿನ ತುದಿ ಅಳೆದೆ. ನಡುವೆ ಅಳೆದೆ.

"ಒಂದ ಐತಿ ಕಾಕಾ."

"ಇನ್ನೊಮ್ಮೆ ನೋಡ್ರಿ."

"ಎಲ್ಲಾ ಕಡೆ ಒಂದ! ಕೂದಲೆಳಿ ಫರಕಿಲ್ಲ!"

ಯಮನಪ್ಪ ಕಾಕಾ ತಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು. ಆಮೇಲೆ ನಕ್ಕರು. ಬಾಯಿ ತುಂಬ, ಹಲ್ಲಿಲ್ಲದ ಕಡೆಯೂ ಕಾಣುವಂತೆ ನಕ್ಕು, ಮತ್ತೆ ಸ್ವಿಚ್ಚು ಒತ್ತಿ ಎರಡನೆಯ ಸುತ್ತಿಗೆ ಉಳಿ ಹಚ್ಚಿದರು. ಈರಪ್ಪಣ್ಣ ಟಂಟಂನವನಿಗೆ ಹೋಗೆಂದು ಕೈ ಮಾಡಿ ಒಳಗೆ ಬಂದ. ಅವನ ಮುಖದ ತುಂಬ ಖುಷಿ, ಮನಸ್ಸಿನಲ್ಲಿ ಕಪಟವಿಲ್ಲ.

"ಭೇಷ್ ಯಮನಪ್ಪ ಕಾಕಾ!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದ. "ನೀನ ಕೆಡಿಸಿದ್ದಿ, ನೀನ ನೆಟ್ಟಗ ಮಾಡಿದಿ ನೋಡು!"

ಜನರೆಲ್ಲ ಗೊಳ್ಳೆಂದು ನಕ್ಕರು. ಯಮನಪ್ಪ ಕಾಕಾನ ನಗು ಮಾತ್ರ ನಿಂತುಹೋಯಿತು. ಅವರು ಉಳಿಯ ಮೇಲೆ ಬಗ್ಗಿದರು.

"ಅಣ್ಣಾ, ಅವರು ಕೆಡಿಸಿಲ್ಲ," ಎಂದೆ. "ಕೆಡಿಸಿದಾಕಿ ನಾನು."

ಮೋಟರಿನ ಸದ್ದಿನಲ್ಲಿ ನನ್ನ ಮಾತು ನನಗೇ ಸರಿಯಾಗಿ ಕೇಳಿಸಲಿಲ್ಲ. ವೈನಿ "ಏನಂದಿ?" ಎಂದು ಕಿವಿಗೆ ಕೈ ಹಚ್ಚಿದಳು. ಈರಪ್ಪಣ್ಣ ಇನ್ನೂ ನಗುತ್ತಿದ್ದ. ಯಮನಪ್ಪ ಕಾಕಾ ಒಬ್ಬರಿಗೆ ಮಾತ್ರ ಕೇಳಿಸಿತ್ತು. ಅವರು ಸರಳಿನ ಮೇಲಿಂದ ಕಣ್ಣು ತೆಗೆಯದೆ ಹೇಳಿದರು.

"ಜೋರ ಹೇಳವಾ. ಈ ಸಪ್ಪಳದಾಗ ಯಾರಿಗೂ ಕೇಳಸವಲ್ತು."

ಸ್ವಿಚ್ಚು ಅವರ ಮೊಣಕೈಯ ಹತ್ತಿರವೇ ಇತ್ತು. ಅವರು ಬಂದ್ ಮಾಡಲಿಲ್ಲ. ನಾನು ಸೆರಗು ಬಿಗಿದುಕೊಂಡು, ಬಾಗಿಲಾಚೆ ನಿಂತವರ ಕಡೆ ತಿರುಗಿ, ಅಮಾವಾಸ್ಯೆಯ ಕಾಯಿ, ಅದರ ನೀರು, ಕದ್ದ ಪಾಲಿಶ್ ಪೇಪರು, ತೊಂಬತ್ತಾರು ಸಲ, ಒಂದನ್ನೂ ಬಿಡದೆ, ರಸ್ತೆಯ ಆಚೆಗಿನ ಮನೆಗೂ ಕೇಳುವಷ್ಟು ಜೋರಾಗಿ ಕೂಗಿ ಹೇಳಿದೆ.